ಕಣ್ಣಿನ ಆಪರೇಷನ್ ಆದ ಮಗುವನ್ನು ಬೋರಲು ಇರಿಸುವುದು: ಯಾವ ಮಗುವಿಗೆ ಯಾವ ವ್ಯವಸ್ಥೆ?

ಡಿಸ್ಚಾರ್ಜ್ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು. 7 ದಿನ ಮುಖ ಕೆಳಗೆ, ಗಂಟೆಗೆ 10 ನಿಮಿಷ ಬಿಡುವು. ಆಟಿಯ ಮಳೆ ಧೋ ಎಂದು ಸುರಿಯುತ್ತಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಮಗ ನನ್ನ ತೊಡೆಯ ಮೇಲಿನ ದಿಂಬಿಗೆ ಹಣೆ ಊರಿ ಕೂತಿದ್ದ. ಅವನಿಗೆ 9 ವರ್ಷ. ಅಂಗಳದಲ್ಲಿ ಆಡುವಾಗ ಚೆಂಡು ಬಡಿದು ಕಣ್ಣಿನ ಒಳಪದರ, ಅಂದರೆ ರೆಟಿನಾ, ಬಿಟ್ಟುಕೊಂಡಿತ್ತು. ಆಪರೇಷನ್ ಬಗ್ಗೆ ಡಾಕ್ಟರ್ ಸಮಾಧಾನದಿಂದ ಎಲ್ಲ ಹೇಳಿದ್ದರು. ಉಡುಪಿಯ ನಮ್ಮ ಮನೆ ಬಾಗಿಲು ದಾಟಿದ ಮೇಲೆ ಬೇರೆ ಪ್ರಶ್ನೆಗಳು ಶುರುವಾದವು. ಎಲ್ಲಿ ಮಲಗಿಸುವುದು? ಗಂಜಿ ಹೇಗೆ ಕುಡಿಸುವುದು? ರಾತ್ರಿ ನಿದ್ದೆಯಲ್ಲಿ ಹೊರಳಿದರೆ ಎಂತ ಮಾಡುವುದು?

ಆ ವಾರದಲ್ಲಿ ನಾವು ನಾಲ್ಕೈದು ಬಗೆಯ ವ್ಯವಸ್ಥೆ ಮಾಡಿ ನೋಡಿದೆವು. ಕೆಲವು ತಿಂಗಳ ಮೇಲೆ ಮಂಗಳೂರಿನಲ್ಲಿ ಅಕ್ಕನ ನೆರೆಮನೆಯ 3 ವರ್ಷದ ಮಗುವಿಗೂ ಇಂಥದ್ದೇ ಆಪರೇಷನ್ ಆಯಿತು. ಅಲ್ಲಿಗೂ ಹೋಗಿ ಎರಡು ರಾತ್ರಿ ಜೊತೆಗೆ ಕೂತಿದ್ದೆ. ನನ್ನ ಮಗನಿಗೆ ಒಗ್ಗಿದ್ದು ಆ ಮಗುವಿಗೆ ಒಗ್ಗಲಿಲ್ಲ. ಹಾಗಾಗಿ ಯಾವುದೋ ಒಂದನ್ನು ಹಿಡಿದು ಇದೇ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಯಾವ ವಯಸ್ಸಿಗೆ, ದಿನದ ಯಾವ ಹೊತ್ತಿಗೆ ಯಾವುದು ಸರಿ ಎಂದು ಹೇಳಬಲ್ಲೆ.

ಬಾಗಬೇಕಾದದ್ದು ಮುಖ

ಮೇಸ್ತ್ರಿಗಳ ಕೈಯಲ್ಲಿ ರಸಮಟ್ಟ ನೋಡಿದ್ದೀರಲ್ವಾ? ಗಾಜಿನ ಕೊಳವೆಯ ನೀರಿನೊಳಗೆ ಒಂದು ಗುಳ್ಳೆ. ಹೇಗೆ ಹಿಡಿದರೂ ಗುಳ್ಳೆ ಮೇಲಕ್ಕೇ ಓಡುತ್ತದೆ. ಆಪರೇಷನ್‌ನಲ್ಲಿ ಕಣ್ಣೊಳಗೆ ತುಂಬುವ ಗ್ಯಾಸ್ ಕೂಡ ಹಾಗೆಯೇ. ರೆಟಿನಾ ಇರುವುದು ಕಣ್ಣಿನ ಹಿಂಬದಿಯ ಗೋಡೆಯಲ್ಲಿ, ತೆಳು ಕಾಗದ ಅಂಟಿಸಿದ ಹಾಗೆ. ಮುಖ ಕೆಳಗೆ ಮಾಡಿದಾಗ ಆ ಹಿಂಬದಿ ಮೇಲಾಗುತ್ತದೆ. ಗುಳ್ಳೆ ಅಲ್ಲಿಗೆ ಏರಿ ರೆಟಿನಾಕ್ಕೆ ಆನಿಕೊಂಡು ನಿಲ್ಲುತ್ತದೆ, ರೆಟಿನಾ ಹರಿದು ಆದ ತೂತಿನೊಳಗೆ ಕಣ್ಣಿನ ನೀರು ಇಳಿಯದಂತೆ ತಡೆಯುತ್ತದೆ. ತೂತಿನ ಸುತ್ತ ಲೇಸರ್ ಹಾಕಿದ ಜಾಗ ಗಟ್ಟಿಯಾಗಿ ಕಚ್ಚಿಕೊಳ್ಳುವವರೆಗೆ ಅದಕ್ಕೆ ಈ ಆಸರೆ ಬೇಕು.

ಇದು ತಲೆಗೆ ಹೋದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ. ಮೈ ಹೇಗೆ ಬೇಕಾದರೂ ಇರಲಿ. ಮಗು ಮಲಗಿರಲಿ, ಕೂತಿರಲಿ, ಮೊಣಕಾಲೂರಿರಲಿ, ಬಚ್ಚಲಿಗೆ ನಡೆದು ಹೋಗುತ್ತಿರಲಿ. ಮೂಗಿನ ತುದಿ ನೆಲ ನೋಡುತ್ತಿದ್ದರೆ ಕೆಲಸ ಆಗುತ್ತಿದೆ. ಮೊದಲ ದಿನ ನಾವು ಇದನ್ನು ತಿಳಿಯದೆ ಮಗನನ್ನು ಇಡೀ ಹೊತ್ತು ಹಾಸಿಗೆಯಲ್ಲೇ ಬೋರಲು ಹಾಕಿದೆವು. ಸಂಜೆಯೊಳಗೆ ಸೊಂಟ ನೋವು, ಕುತ್ತಿಗೆ ನೋವು, ಅಳು. ಮರುದಿನದಿಂದ ಗಂಟೆಗೊಮ್ಮೆ ಜಾಗ ಬದಲಿಸಿದೆವು. ಅಳು ನಿಂತಿತು.

ಒಂದು ಎಚ್ಚರಿಕೆ. ಎಲ್ಲರಿಗೂ ಮುಖ ಕೆಳಗೆ ಅಂತ ಇಲ್ಲ. ತೂತು ಕಣ್ಣಿನ ಯಾವ ಕಡೆ ಉಂಟು ಅನ್ನುವುದರ ಮೇಲೆ ಕೆಲವರಿಗೆ ಒಂದು ಮಗ್ಗುಲಿಗೆ ಮಲಗಲು ಹೇಳುತ್ತಾರೆ, ಕೆಲವರಿಗೆ ನೇರ ಕೂರಲು ಹೇಳುತ್ತಾರೆ. ಎಷ್ಟು ದಿನ ಅನ್ನುವುದೂ ಒಬ್ಬೊಬ್ಬರಿಗೆ ಒಂದೊಂದು ಥರ. ಪಕ್ಕದ ಮನೆಯವರಿಗೆ ಹೇಳಿದ್ದು ನಿಮಗೆ ಆಗುವುದಿಲ್ಲ. ಆಸ್ಪತ್ರೆ ಬಿಡುವ ಮುಂಚೆ ಇಷ್ಟು ಕೇಳಿ ಬರೆದುಕೊಳ್ಳಿ: ಯಾವ ಭಂಗಿ, ಎಷ್ಟು ದಿನ, ಗಂಟೆಗೆ ಎಷ್ಟು ಬಿಡುವು, ನಿದ್ದೆಯಲ್ಲಿ ಹೇಗೆ. ನಿದ್ದೆಯ ಪ್ರಶ್ನೆ ಬಹಳ ಮುಖ್ಯ. ಕೆಲವು ಡಾಕ್ಟರು ರಾತ್ರಿ ಮಗ್ಗುಲಾದರೂ ಅಡ್ಡಿ ಇಲ್ಲ, ಅಂಗಾತ ಮಾತ್ರ ಬೇಡ ಅನ್ನುತ್ತಾರೆ. ಅಷ್ಟು ಸಿಕ್ಕಿದರೂ ಮನೆಯವರಿಗೆ ನಿದ್ದೆ ಬಂದ ಹಾಗೆ.

ಅಂಗಾತ ಯಾಕೆ ಬೇಡ? ಬೆನ್ನ ಮೇಲೆ ಮಲಗಿದರೆ ಗುಳ್ಳೆ ಕಣ್ಣಿನ ಮುಂಭಾಗಕ್ಕೆ ಬಂದು ಮಸೂರಕ್ಕೆ ತಾಗುತ್ತದೆ. ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಕಣ್ಣಿಗೆ ಮದ್ದು ಬಿಡಲು ಒಂದೆರಡು ನಿಮಿಷ ತಲೆ ಎತ್ತಲೇಬೇಕು, ಅದನ್ನು ಬಿಡುವಿನ 10 ನಿಮಿಷದಲ್ಲೇ ಮುಗಿಸಿ. ಎರಡು ಬಗೆಯ ಮದ್ದು ಇದ್ದರೆ ನಡುವೆ 5 ನಿಮಿಷ ಬಿಡಬೇಕು, ಇಲ್ಲದಿದ್ದರೆ ಮೊದಲನೆಯದನ್ನು ಎರಡನೆಯದು ತೊಳೆದು ಹಾಕುತ್ತದೆ.

ಗ್ಯಾಸೋ ಎಣ್ಣೆಯೋ

ಇದು ನೀವು ಆರಿಸುವುದಲ್ಲ, ಡಾಕ್ಟರ್ ಆರಿಸುವುದು. ಆದರೂ ಆಪರೇಷನ್‌ಗೆ ಮುಂಚೆ ಮಾತಾಡಿ. ಬೋರಲು ಇರಿಸಲು ಎಷ್ಟು ಕಷ್ಟಪಡಬೇಕು ಅನ್ನುವುದು ಇದರ ಮೇಲೆಯೇ ನಿಂತಿದೆ.

ಬರೀ ಗಾಳಿ ತುಂಬಿದರೆ ಒಂದು ವಾರದ ಒಳಗೆ ಕರಗುತ್ತದೆ. ಎಸ್‌ಎಫ್‌6 ಎಂಬ ಗ್ಯಾಸ್ ಸುಮಾರು 2 ವಾರ ಇರುತ್ತದೆ. ಸಿ3ಎಫ್8 ಎಂಬುದು 6ರಿಂದ 8 ವಾರ. ಇವು ತಾನಾಗಿ ಹೋಗುತ್ತವೆ, ಇನ್ನೊಂದು ಆಪರೇಷನ್ ಬೇಡ. ಆದರೆ ಭಂಗಿ ಸರಿಯಾಗಿ ಪಾಲಿಸಬೇಕು.

ಸಿಲಿಕಾನ್ ಎಣ್ಣೆ ತಾನಾಗಿ ಕರಗುವುದಿಲ್ಲ. ಕೆಲವು ತಿಂಗಳ ನಂತರ ಇನ್ನೊಂದು ಆಪರೇಷನ್ ಮಾಡಿ ತೆಗೆಯಬೇಕು. ಚಿಕ್ಕ ಮಕ್ಕಳಿಗೆ ಮತ್ತೆ ಪೂರ್ತಿ ಅರಿವಳಿಕೆ ಕೊಡಬೇಕು ಅನ್ನುವುದು ತಾಯಿಯ ಹೊಟ್ಟೆ ಉರಿಸುವ ವಿಷಯ. ಆದರೂ ಹೇಳಿದ ಮಾತು ಕೇಳದಷ್ಟು ಚಿಕ್ಕ ಮಗುವಿಗೆ ಡಾಕ್ಟರ್ ಎಣ್ಣೆಯ ಕಡೆಗೇ ವಾಲುವುದು ಜಾಸ್ತಿ. ಮಗು ಸ್ವಲ್ಪ ಹೊತ್ತು ತಲೆ ಎತ್ತಿದರೂ ಕಣ್ಣಿನ ತುಂಬ ಎಣ್ಣೆ ಇರುತ್ತದೆ. ಎಣ್ಣೆ ಇದ್ದರೆ ಬೋರಲು ಇರುವುದೇ ಬೇಡ ಅಂತ ಕೆಲವರು ತಿಳಿಯುತ್ತಾರೆ. ಅದು ತಪ್ಪು. ಎಣ್ಣೆಯೂ ನೀರಿನ ಮೇಲೆ ತೇಲುವಂಥದ್ದೇ. ಮಂಗಳೂರಿನ ಆ ಮಗುವಿಗೆ ಎಣ್ಣೆಯೇ ಹಾಕಿದ್ದರು, ಆದರೂ ಮೊದಲ ಕೆಲವು ದಿನ ಬೋರಲು ಇರಿಸಲು ಹೇಳಿದ್ದರು.

ನನ್ನನ್ನು ಕೇಳಿದರೆ, 5 ವರ್ಷಕ್ಕಿಂತ ಚಿಕ್ಕ ಮಗುವಿದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ನಿಜ ಹೇಳಿ. "ಇವನು ಐದು ನಿಮಿಷವೂ ಒಂದು ಕಡೆ ಕೂರುವುದಿಲ್ಲ, ಮನೆಯಲ್ಲಿ ನಾನೊಬ್ಬಳೇ" ಅಂತ ಹೇಳಿ. ಅವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ತೀರ್ಮಾನ ಮಾಡುತ್ತಾರೆ.

ಹಾಸಿಗೆ ಮತ್ತು ತೂತು ಫೋಮ್

ದುಡ್ಡು ಖರ್ಚು ಮಾಡುವುದಾದರೆ ಇದಕ್ಕೆ ಮಾಡಿ. ನಮ್ಮ ಊರುಗಳಲ್ಲಿ ಸೋಫಾ, ಬೈಕ್ ಸೀಟ್ ಹೊಲಿಯುವ ಕುಶನ್ ಅಂಗಡಿಗಳು ಬೇಕಾದಷ್ಟು ಇವೆ. ಅಲ್ಲಿ ಗಟ್ಟಿ ಫೋಮ್ ಕತ್ತರಿಸಿ ಕೊಡುತ್ತಾರೆ. ನಾವು ಮಗನ ಮುಖವನ್ನು ಒಂದು ರಟ್ಟಿನ ಮೇಲೆ ಇರಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದು ಆ ರಟ್ಟನ್ನೇ ಕೊಂಡುಹೋದೆವು. ಇದನ್ನು ಆಪರೇಷನ್‌ಗೆ ಮುಂಚೆ ಮಾಡಿ, ಆಮೇಲೆ ಕಣ್ಣಿಗೆ ಏನೂ ತಾಗಿಸುವ ಹಾಗಿಲ್ಲ.

ಗುಂಡು ತೂತು ಬೇಡ. ಕುದುರೆಯ ಲಾಳದ ಆಕಾರ ಮಾಡಿಸಿ, ಗದ್ದದ ಕಡೆ ತೆರೆದಿರಲಿ. ಹಣೆ ಮತ್ತು ಎರಡು ಕೆನ್ನೆಯ ಎಲುಬು ಫೋಮ್ ಮೇಲೆ ಕೂರಬೇಕು. ಕಣ್ಣು, ಮೂಗು, ಬಾಯಿ ಗಾಳಿಯಲ್ಲಿರಬೇಕು. ದಪ್ಪ 4 ಇಂಚಿಗಿಂತ ಕಡಿಮೆ ಇದ್ದರೆ ಉಸಿರಿನ ಬಿಸಿ ಮುಖಕ್ಕೇ ಬಡಿಯುತ್ತದೆ, ನಮ್ಮದು 6 ಇಂಚಿನದ್ದು ಸರಿಯಾಯಿತು. ಎದೆಯ ಕೆಳಗೆ ಇನ್ನೊಂದು ದಿಂಬು ಇಡಿ. ಎದೆ ಸ್ವಲ್ಪ ಎತ್ತರವಾದರೆ ತಲೆ ತಾನಾಗಿ ಕೆಳಗೆ ಬಾಗುತ್ತದೆ, ಕುತ್ತಿಗೆ ಎಳೆಯುವುದಿಲ್ಲ. ಪಾದದ ಗಂಟಿನ ಕೆಳಗೆ ಸುತ್ತಿದ ಹೊದಿಕೆ ಇಟ್ಟರೆ ಸೊಂಟಕ್ಕೆ ಸುಖ.

ರೆಗ್ಜಿನ್ ಕವರ್ ಹಾಕಿಸಬೇಡಿ. ನಮ್ಮ ಕರಾವಳಿಯ ಸೆಕೆಗೆ ಕೆನ್ನೆ ಅಂಟಿಕೊಳ್ಳುತ್ತದೆ, ಬೆವರುಸಾಲೆ ಏಳುತ್ತದೆ. ಬೈರಾಸು (ಟವೆಲ್) ಸುತ್ತಿ, ದಿನಕ್ಕೆ ಮೂರು ಸಲ ಬದಲಿಸಿ. ಮಳೆಗಾಲವಾದರೆ ಒಗೆದದ್ದು ಒಣಗುವುದಿಲ್ಲ, ಹತ್ತಾದರೂ ಬೈರಾಸು ಕೈಯಲ್ಲಿರಲಿ.

ಕತ್ತಿನ ಸುತ್ತ ಹಾಕುವ ಪ್ರಯಾಣದ ದಿಂಬು ಇರುತ್ತದಲ್ಲ, ಬಸ್‌ಸ್ಟ್ಯಾಂಡ್ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಮುಖಕ್ಕೆ ಆಸರೆಯಾಗಿ ಇಡಲು ಹಲವರು ಹೇಳುತ್ತಾರೆ. ತುರ್ತಿಗೆ ಆದೀತು. ಆದರೆ ಒಳಗಿನ ಹತ್ತಿ ಒಂದು ಗಂಟೆಯಲ್ಲಿ ಕುಸಿಯುತ್ತದೆ, ದಿಂಬಿನ ಅಂಚು ಕಣ್ಣಿನ ಕಡೆ ಜಾರುತ್ತದೆ. ಮಗನ ಕಣ್ಣಿಗೆ ಹಾಕಿದ ಗಟ್ಟಿ ಮುಚ್ಚಳ, ಅಂದರೆ ಶೀಲ್ಡ್, ಒಂದು ಸಲ ಹೀಗೆ ಓರೆಯಾದದ್ದು ನೋಡಿ ನನ್ನ ಎದೆ ಝಲ್ಲೆಂದಿತು. ಅದನ್ನು ಕಾರಿಗೆ ಮಾತ್ರ ಇಟ್ಟುಕೊಂಡೆವು.

ಬಾಡಿಗೆಯ ಕುರ್ಚಿ

ಮಸಾಜ್ ಮಾಡಿಸಿಕೊಳ್ಳುವವರು ಮುಂದೆ ಬಾಗಿ ಕೂರುವ ಕುರ್ಚಿ ಉಂಟಲ್ಲ, ಮುಖಕ್ಕೆ ತೂತಿನ ದಿಂಬು ಇರುವಂಥದ್ದು? ಅದನ್ನೇ ಈ ಆಪರೇಷನ್ ಆದವರೂ ಬಳಸುತ್ತಾರೆ. ಮಂಗಳೂರಿನಲ್ಲಿ ದೊಡ್ಡ ಆಸ್ಪತ್ರೆಗಳ ಸುತ್ತಮುತ್ತ ಹಾಸ್ಪಿಟಲ್ ಮಂಚ, ಗಾಲಿಕುರ್ಚಿ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಅಲ್ಲಿ ವಿಚಾರಿಸಿ. ಇಲ್ಲದಿದ್ದರೆ ಫಿಸಿಯೋಥೆರಪಿಯವರನ್ನು ಕೇಳಿ.

ದೊಡ್ಡವರಿಗೆ ಇದರಷ್ಟು ಸುಖದ್ದು ಬೇರೆ ಇಲ್ಲ. ಮಕ್ಕಳ ವಿಷಯ ಬೇರೆ. ನಾವು ಒಂದು ಅಂಗಡಿಯಿಂದ ತಂದ ಕುರ್ಚಿ ದೊಡ್ಡವರ ಅಳತೆಯದ್ದು. ಮಕ್ಕಳಿಗೂ ಆಗುತ್ತದೆ ಅಂತ ಫೋನಿನಲ್ಲಿ ಹೇಳಿದ್ದರು, ಮುಂಗಡವನ್ನೂ ತೆಗೆದುಕೊಂಡಿದ್ದರು. ಮನೆಗೆ ಬಂದು ಬಿಚ್ಚಿ ನೋಡಿದರೆ ಮಗನ ಮುಖ ತೂತಿನೊಳಗೆ ಮುಳುಗಿ ದಿಂಬಿನ ಅಂಚು ನೇರ ಹುಬ್ಬಿನ ಕೆಳಗೆ ಬಂತು. ಕಾಲು ನೇತಾಡುತ್ತಿತ್ತು. ವಾಪಸ್ ಕೊಟ್ಟೆವು, ಮುಂಗಡ ಪೂರ್ತಿ ಬರಲಿಲ್ಲ. ಆ ದಿನಗಳಲ್ಲಿ ಜಗಳಕ್ಕೆ ನಿಲ್ಲುವ ಶಕ್ತಿ ನಮಗಿರಲಿಲ್ಲ.

ಹಾಗಾಗಿ ಆಪರೇಷನ್‌ಗೆ ಮುಂಚೆ ಮಗುವನ್ನೇ ಕರೆದುಕೊಂಡು ಹೋಗಿ ಕೂರಿಸಿ ನೋಡಿ. ಮುಖದ ದಿಂಬು ಕೆಳಗೆ ಇಳಿಯಬೇಕು, ಎದೆ ಹಲಗೆ ಎದೆಗೇ ತಾಗಬೇಕು, ಹೊಟ್ಟೆಗಲ್ಲ. ಎತ್ತರದ ಮಗುವಾದರೆ 11-12 ವರ್ಷದ ನಂತರ ಇದು ಹಗಲಿಗೆ ಬಹಳ ಚೆನ್ನ. ಅದಕ್ಕಿಂತ ಚಿಕ್ಕವರಿಗೆ ದುಡ್ಡು ದಂಡ ಅನ್ನುವುದು ನನ್ನ ಅನುಭವ. ಮೇಜಿಗೆ ಕಟ್ಟುವ ಮುಖದ ಆಸರೆ ಮಾತ್ರ ಬೇರೆಯಾಗಿ ಸಿಕ್ಕರೆ ಅದು 7-8 ವರ್ಷದವರಿಗೂ ಆಗುತ್ತದೆ.

ಮೇಜು, ಸ್ಟೂಲ್, ಮಣೆ

ಖರ್ಚಿಲ್ಲದ ದಾರಿ ಇದು. ಹಗಲಿನಲ್ಲಿ ನಮ್ಮ ಕೈ ಹಿಡಿದದ್ದೂ ಇದೇ. ಊಟದ ಮೇಜಿನ ಮೇಲೆ ಎರಡು ಗಟ್ಟಿ ದಿಂಬು, ಅದರ ಮೇಲೆ ಅದೇ ಲಾಳದ ಫೋಮ್. ಮಗು ಕುರ್ಚಿಯಲ್ಲಿ ಕೂತು ಮುಂದೆ ಬಾಗಿ ಹಣೆ ಊರುತ್ತದೆ. ಮೇಜಿನ ಎತ್ತರ ಎದೆಗೆ ಬರಬೇಕು, ಕುರ್ಚಿ ತಗ್ಗಾದರೆ ಮೇಲೆ ದಿಂಬು ಹಾಕಿ. ಪಾದ ನೆಲಕ್ಕೋ ಮಣೆಗೋ ತಾಗಿರಬೇಕು.

ಶಾಲೆಯಲ್ಲಿ ಡೆಸ್ಕಿನ ಮೇಲೆ ಕೈ ಮಡಚಿ ಮುಖ ಹುದುಗಿಸಿ ಮಲಗುವ ಅಭ್ಯಾಸ ಎಲ್ಲ ಮಕ್ಕಳಿಗೂ ಇರುತ್ತದೆ. ಮಗನೂ ಎರಡನೇ ದಿನ ಹಾಗೇ ಮಾಡಿದ. ಅದಕ್ಕೆ ಬಿಡಬೇಡಿ. ಆಪರೇಷನ್ ಆದ ಕಣ್ಣು ತೋಳಿಗೆ ಒತ್ತುತ್ತದೆ. ಇನ್ನೊಂದು ತೊಂದರೆ ಮೊಣಕೈಯದ್ದು. ತುಂಬ ಹೊತ್ತು ಮೊಣಕೈ ಊರಿದರೆ ಅಲ್ಲಿ ಹಾದುಹೋಗುವ ನರ ಒತ್ತಿ ಕಿರುಬೆರಳು, ಉಂಗುರದ ಬೆರಳು ಜುಮ್ಮೆನ್ನಲು ಶುರುವಾಗುತ್ತದೆ. ಬೋರಲು ಇರುವವರಿಗೆ ಇದು ಗೊತ್ತಿರುವ ತೊಂದರೆ. "ಬೆರಳಲ್ಲಿ ಇರುವೆ ಹರಿದ ಹಾಗೆ ಆಗ್ತಾ ಉಂಟು ಅಮ್ಮ" ಅಂದರೆ ಕೂಡಲೇ ಕೈ ಇಳಿಬಿಡಿಸಿ. ಮೊಣಕೈ ಕೆಳಗೆ ಮೆತ್ತನೆಯ ಬಟ್ಟೆ ಇಡಿ.

ನೆಲದಲ್ಲಿ ಚಾಪೆ ಹಾಸಿ ಚಕ್ಕಳಮಕ್ಕಳ ಕೂರಿಸಿ ಎದುರಿಗೆ ತಗ್ಗು ಸ್ಟೂಲ್ ಇಟ್ಟರೂ ಆಯಿತು. ನಮ್ಮಲ್ಲಿ ನೆಲದಲ್ಲಿ ಕೂತು ಅಭ್ಯಾಸವಿರುವ ಮಕ್ಕಳಿಗೆ ಇದೇ ಹೆಚ್ಚು ಹಿಡಿಸುತ್ತದೆ. ಭಂಗಿ ಸರಿ ಇದೆಯೋ ನೋಡಲು ಪಕ್ಕದಲ್ಲಿ ಕೂತು ಹಣೆ ಮತ್ತು ಗದ್ದ ಒಂದೇ ಮಟ್ಟದಲ್ಲಿವೆಯೋ ಗಮನಿಸಿ. ನನ್ನ ಮಗನಿಗೆ ಬೆವರು ಹನಿ ಮೂಗಿನ ತುದಿಯಿಂದ ಬೀಳುತ್ತಿದ್ದರೆ ಸರಿ, ಕೆನ್ನೆಯಿಂದ ಜಾರಿದರೆ ತಲೆ ವಾಲಿದೆ ಅಂತ ಲೆಕ್ಕ. ಅವನೇ ಕಂಡುಹಿಡಿದ ಲೆಕ್ಕ ಅದು.

ತೊಡೆ

5 ವರ್ಷದ ಒಳಗಿನ ಮಗುವಿಗೆ ಕುರ್ಚಿಯೂ ಬೇಡ, ಫೋಮ್ ಕೂಡ ಎರಡನೆಯದು. ಮೊದಲನೆಯದು ತೊಡೆ. ಮಂಗಳೂರಿನ ಆ ಮನೆಯಲ್ಲಿ ಅಜ್ಜಿ ಕಾಲು ನೀಡಿ ಗೋಡೆಗೆ ಒರಗಿ ಕೂರುತ್ತಿದ್ದರು. ಮಗು ಅವರ ತೊಡೆಗಳ ಮೇಲೆ ಅಡ್ಡಲಾಗಿ ಬೋರಲು. ಹಣೆ ಇನ್ನೊಂದು ಬದಿಯ ದಿಂಬಿನ ಮೇಲೆ. ಹಸುಗೂಸಿಗೆ ಎಣ್ಣೆ ಹಚ್ಚಿ ನೀರು ಹೊಯ್ಯುವಾಗ ಕಾಲ ಮೇಲೆ ಹಾಕಿಕೊಳ್ಳುತ್ತಾರಲ್ಲ, ಅದೇ ಭಂಗಿ. ಅಜ್ಜಿಗೆ ಯಾರೂ ಕಲಿಸಬೇಕಾಗಲಿಲ್ಲ. ಬೆನ್ನು ತಟ್ಟುತ್ತಿದ್ದರೆ ಮಗು ಹಾಗೇ ನಿದ್ದೆ ಹೋಗುತ್ತಿತ್ತು.

ತೊಡೆಯ ಗುಣ ಏನೆಂದರೆ ಮಗು ಹೊರಳಲು ಹೊರಟ ಕೂಡಲೇ ನಿಮಗೆ ಗೊತ್ತಾಗುತ್ತದೆ. ಕಷ್ಟ ಏನೆಂದರೆ ಒಬ್ಬರಿಂದ ಆಗುವುದಿಲ್ಲ. ಮುಕ್ಕಾಲು ಗಂಟೆಗೆ ಕಾಲು ಮರಗಟ್ಟುತ್ತದೆ. ಪಾಳಿಗೆ ಮೂವರಾದರೂ ಬೇಕು. ಮಾವ, ಚಿಕ್ಕಮ್ಮ ಯಾರನ್ನಾದರೂ ಮೊದಲೇ ಹೇಳಿ ಕರೆಸಿಕೊಳ್ಳಿ. ಸಹಾಯ ಕೇಳುವುದರಲ್ಲಿ ಸಂಕೋಚ ಎಂತದ್ದು?

ಹೆಗಲ ಮೇಲೆ ಹಾಕಿಕೊಂಡರೆ ಮಗು ಕೆನ್ನೆ ಒರಗಿಸಿಬಿಡುತ್ತದೆ, ಮುಖ ಪಕ್ಕಕ್ಕೆ ಹೋಗುತ್ತದೆ. ಎತ್ತಿಕೊಂಡು ಹೋಗಲು ಮಾತ್ರ ಸರಿ. ಅಪ್ಪಂದಿರಿಗೆ ಉಪ್ಪುಮೂಟೆ ಹೊರುವ ಆಸೆ ಬರುತ್ತದೆ. ಬೇಡ. ಅಪ್ಪನ ತಲೆ ಹಿಂದಕ್ಕೆ ಬಂದರೆ ಬಡಿಯುವುದು ಮಗುವಿನ ಕಣ್ಣಿಗೇ.

ರಾತ್ರಿ

ಮೊದಲ ರಾತ್ರಿ ಮೂರು ಮೆತ್ತನೆಯ ದಿಂಬು ಸುತ್ತಲೂ ಇಟ್ಟು ಮಲಗಿದೆವು. 2 ಗಂಟೆಗೆ ಕರೆಂಟ್ ಹೋಗಿ ಫ್ಯಾನ್ ನಿಂತು ಎಚ್ಚರವಾಯಿತು. ನೋಡಿದರೆ ಮಗ ಅಂಗಾತ ಮಲಗಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಾನೆ. ಎಷ್ಟು ಹೊತ್ತಿನಿಂದ ಹಾಗಿದ್ದನೋ. ಬೆಳಗಾಗುವವರೆಗೆ ನಾನು ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಫೋನ್ ಮಾಡಿದಾಗ ಡಾಕ್ಟರ್ ಗದರಲಿಲ್ಲ. ಒಂದು ಸಲ ಹೊರಳಿದ್ದಕ್ಕೆ ಎಲ್ಲ ಹಾಳಾಗುವುದಿಲ್ಲ, ಮತ್ತೆ ಬೋರಲು ಮಾಡಿ, ಅಷ್ಟೇ ಅಂದರು. ನಿಮಗೂ ಹೀಗಾದರೆ ಹೆದರಿ ಅಳುತ್ತಾ ಕೂರಬೇಡಿ, ಮಗುವನ್ನು ಬೈಯಲೂ ಬೇಡಿ.

ಎರಡನೇ ರಾತ್ರಿಯಿಂದ ನಾವು ಮಾಡಿದ್ದು ಇದು. ಟೀ ಶರ್ಟಿನ ಬೆನ್ನಿಗೆ ಒಂದು ಜೇಬು ಹೊಲಿದು ಒಳಗೆ ಸುತ್ತಿದ ಬೈರಾಸು ತುಂಬಿದೆವು. ಹೊರಳಿದರೆ ಗಂಟು ಒತ್ತಿ ತಾನೇ ವಾಪಸ್ ತಿರುಗುತ್ತಿದ್ದ. ಇದು 6-7 ವರ್ಷ ದಾಟಿದವರಿಗೆ ಮಾತ್ರ. ಎರಡು ಪಕ್ಕೆಗೂ ಸುತ್ತಿದ ಚಾಪೆ ಇಟ್ಟೆವು, ದಿಂಬಿನ ಹಾಗೆ ಜಾರುವುದಿಲ್ಲ. ದೊಡ್ಡವರು ಮೂರು ಮೂರು ಗಂಟೆ ಪಾಳಿ ಹಾಕಿಕೊಂಡೆವು.

3 ವರ್ಷದ ಮಗುವಿಗೆ ಪಾಳಿ ಬಿಟ್ಟು ಬೇರೆ ದಾರಿಯೇ ಇಲ್ಲ. ತುಂಬ ಚಿಕ್ಕ ಮಕ್ಕಳು ಬೋರಲು ಮಲಗಿ ಮೆತ್ತನೆಯ ದಿಂಬಿಗೆ ಮೂಗು ಹುದುಗಿದರೆ ಉಸಿರು ಕಟ್ಟುತ್ತದೆ. ಒಬ್ಬರು ಎಚ್ಚರ ಇರಲೇಬೇಕು. ಒಂದು ವರ್ಷದ ಒಳಗಿನ ಕೂಸಾದರೆ ಮನೆಯಲ್ಲಿ ನೀವೇ ಯಾವ ವ್ಯವಸ್ಥೆಯನ್ನೂ ಮಾಡಬೇಡಿ. ಆಸ್ಪತ್ರೆಯಲ್ಲೇ ಹೇಗೆ ಅಂತ ತೋರಿಸಿಕೊಂಡು ಬನ್ನಿ. ಮಗುವನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟುವ ಉಪಾಯ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ನಿದ್ದೆಯಲ್ಲಿ ಕಣ್ಣಿನ ಮೇಲೆ ಗಟ್ಟಿ ಶೀಲ್ಡ್ ಇರಲೇಬೇಕು. ಬೆಳಿಗ್ಗೆ ರೆಪ್ಪೆ ಊದಿಕೊಂಡಿರುತ್ತದೆ, ಮುಖ ಕೆಳಗಿದ್ದದ್ದರಿಂದ ನೀರು ಇಳಿದು ಹಾಗಾಗುತ್ತದೆ. ಎದ್ದು ಸ್ವಲ್ಪ ಹೊತ್ತಿಗೆ ತಗ್ಗಿದರೆ ಗಾಬರಿ ಬೇಡ.

ಊಟ, ಆಟ, ನೆಂಟರು

ಗಂಜಿ ಬಿಡಿ. ಬಟ್ಟಲಿನಿಂದ ಗಂಜಿ ಕುಡಿಯಲು ಮಗು ತಲೆ ಎತ್ತಲೇಬೇಕು. ಕೈಯಲ್ಲಿ ಹಿಡಿದು ಕಚ್ಚಿ ತಿನ್ನುವಂಥದ್ದು ಮಾಡಿ. ಸುರುಳಿ ಸುತ್ತಿದ ನೀರ್‌ದೋಸೆ, ಬನ್ಸ್, ತುಂಡು ಮಾಡಿದ ಮೂಡೆ, ಬಾಳೆಹಣ್ಣು. ನೀರು, ಎಳನೀರು ಎಲ್ಲ ಸ್ಟ್ರಾದಲ್ಲಿ. ಬಗ್ಗುವ ಸ್ಟ್ರಾ ಇದ್ದರೆ ಲೋಟ ಪಕ್ಕದಲ್ಲಿಟ್ಟರೂ ಆಯಿತು. ಮಲಗಿಸಿ ತಿನ್ನಿಸಬೇಡಿ, ಕೂತು ಬಾಗಿ ತಿನ್ನಲಿ. ಕಡಲೆಬೀಜದಂಥ ಗಟ್ಟಿ ಕಾಳು ಬೇಡ, ಗಂಟಲಿಗೆ ಸಿಕ್ಕೀತು. ಮಲಬದ್ಧತೆ ಆಗಲು ಬಿಡಬೇಡಿ. ತಿಣುಕಿದರೆ ಕಣ್ಣಿಗೂ ಒತ್ತಡ. ಪಪ್ಪಾಯಿ, ಬಸಳೆ ಪದಾರ್ಥ ದಿನವೂ ಇರಲಿ.

ಆಟಕ್ಕೆ ನಮ್ಮ ಊರಿನದ್ದೇ ಒಂದು ವರ ಉಂಟು. ಚೆನ್ನೆಮಣೆ! ಆಟಿ ತಿಂಗಳಲ್ಲಿ ಆಡುವ ಆಟ, ಆಪರೇಷನ್ ಆದದ್ದೂ ಅದೇ ಸಮಯ. ಎರಡು ಸಾಲಿನಲ್ಲಿ 14 ಗುಳಿ, ಒಂದೊಂದರಲ್ಲಿ 4 ಕಾಯಿ. ತಲೆ ಬಾಗಿಸಿಯೇ ಆಡಬೇಕು! ಮಂಚದ ತುದಿಯಲ್ಲಿ ಮಗನ ಮುಖ, ಕೆಳಗೆ ಸ್ಟೂಲಿನ ಮೇಲೆ ಅಜ್ಜಿಯ ಹಳೆಯ ಮಣೆ, ಎದುರಿಗೆ ನೆಲದಲ್ಲಿ ಅಜ್ಜಿ. ಕೆಂಪು ಮಂಜೊಟ್ಟಿ ಕಾಳುಗಳು ಗುಳಿಗೆ ಬೀಳುವ ಟಕಟಕ ಸದ್ದು ಮಧ್ಯಾಹ್ನವಿಡೀ ಕೇಳುತ್ತಿತ್ತು. ಆಪರೇಷನ್ ಆಗದ ಕಣ್ಣು ಒಂದೇ ಸಾಕು ಅದಕ್ಕೆ. 3 ವರ್ಷದ ಮಗುವಿನ ಹತ್ತಿರ ಮಾತ್ರ ಆ ಕಾಳು ಇಡಬೇಡಿ, ಮೂಗಿಗೋ ಬಾಯಿಗೋ ಹೋದೀತು. ಅಂಥವರಿಗೆ ಪಾತ್ರೆಯಲ್ಲಿ ನೀರು, ಅದರಲ್ಲಿ ಕಾಗದದ ದೋಣಿ. ಮೊಬೈಲ್, ಪುಸ್ತಕ ಎಷ್ಟು ಹೊತ್ತು ಅಂತ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ನಾವು ನೆಲದಲ್ಲಿ ಒಂದು ಕನ್ನಡಿಯನ್ನು ಓರೆಯಾಗಿ ಇಟ್ಟಿದ್ದೆವು. ಅದರಲ್ಲಿ ಬಾಗಿಲು ಕಾಣುತ್ತಿತ್ತು, ಬಂದವರು ಹೋದವರು ಕಾಣುತ್ತಿದ್ದರು.

ಬರುವವರು ಬಹಳ. ಹಣ್ಣು, ಬಿಸ್ಕೆಟ್ ಹಿಡಿದು ಬಂದವರೆಲ್ಲ ಬಾಗಿಲಲ್ಲೇ ನಿಂತು "ಹೇಗಿದ್ದೀ ಪುಟ್ಟಾ?" ಅನ್ನುತ್ತಾರೆ. ಮಗು ತಟ್ಟನೆ ತಲೆ ಎತ್ತುತ್ತದೆ. ಅವರ ಪ್ರೀತಿಗೆ ತಪ್ಪು ಹೇಳಲಿಕ್ಕಾಗುವುದಿಲ್ಲ. ಬಂದವರೆಲ್ಲ ಮೊದಲು ನೆಲದಲ್ಲಿ ಕೂರಬೇಕು, ಆಮೇಲೆ ಮಾತು ಅಂತ ನಾವು ನಿಯಮ ಮಾಡಿದೆವು. ನಾಲ್ಕನೇ ದಿನದ ಹೊತ್ತಿಗೆ ಮಗ ಪಾದ ನೋಡಿಯೇ ಎಲ್ಲರ ಗುರುತು ಹಿಡಿಯುತ್ತಿದ್ದ. ಅಜ್ಜಿಯದ್ದು ಸವೆದ ಕಾಲುಂಗುರ. ದೊಡ್ಡಪ್ಪನದ್ದು ಒಡೆದ ಹಿಮ್ಮಡಿ. "ಅಮ್ಮಾ, ನಿನ್ನ ಹೆಬ್ಬೆರಳಿಗೆ ಎಂತ ಗಾಯ?" ಅಂತ ಕೇಳಿದ. ನನಗೆ ಗಾಯ ಆದದ್ದೇ ಗೊತ್ತಿರಲಿಲ್ಲ.

ಹಿರಿಯರು ಅಕ್ಕರೆಯಿಂದ ನಂದಿಬಟ್ಟಲಿನ ರಸ ಬಿಡಿ, ಹಾಲು ಬಿಡಿ ಅನ್ನುತ್ತಾರೆ. ಕೈ ಮುಗಿದು ಬೇಡ ಅನ್ನಿ. ಗಾಯ ಹಸಿ ಇರುವ ಕಣ್ಣಿಗೆ ಡಾಕ್ಟರ್ ಬರೆದ ಮದ್ದು ಬಿಟ್ಟು ಒಂದು ಹನಿ ನೀರೂ ಹೋಗಬಾರದು. ತಲೆಸ್ನಾನ, ಎಣ್ಣೆಸ್ನಾನ, ಕಾಡಿಗೆ ಎಲ್ಲ ಅವರು ಹೇಳಿದ ಮೇಲೆಯೇ.

ಘಾಟಿ ಹತ್ತುವವರು ಓದಲೇಬೇಕಾದದ್ದು

ಶೃಂಗೇರಿ, ಕೊಪ್ಪ, ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆಯವರು ಕಣ್ಣಿಗೆಂದು ಮಂಗಳೂರು, ಉಡುಪಿ, ಮಣಿಪಾಲಕ್ಕೆ ಇಳಿದು ಬರುತ್ತಾರೆ. ಕಣ್ಣಲ್ಲಿ ಗ್ಯಾಸ್ ಇರುವಾಗ ಮತ್ತೆ ಘಾಟಿ ಹತ್ತಬಾರದು. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಕಣ್ಣೊಳಗಿನ ಗುಳ್ಳೆ ಹಿಗ್ಗುತ್ತದೆ. ಕಣ್ಣಿನ ಒತ್ತಡ ವಿಪರೀತ ಏರಿ ದೃಷ್ಟಿಯೇ ಹೋಗಬಹುದು. ನಮ್ಮ ಕಡಲತೀರದಿಂದ ಆಗುಂಬೆಗೆ ಹೋದರೆ 600 ಮೀಟರಿಗಿಂತ ಜಾಸ್ತಿ ಏರಿದ ಹಾಗೆ. ಮಡಿಕೇರಿ 1,100 ಮೀಟರಿಗಿಂತ ಮೇಲೆ. ಬೆಂಗಳೂರು ಸುಮಾರು 900. ಬಸ್ಸೋ ಕಾರೋ ಅನ್ನುವುದು ಲೆಕ್ಕಕ್ಕಿಲ್ಲ, ಏರುವುದೇ ತೊಂದರೆ. ವಿಮಾನವಂತೂ ಬೇಡವೇ ಬೇಡ. ದುಬೈ, ಮಸ್ಕತ್‌ನಿಂದ ರಜೆಗೆ ಬಂದು ಇಲ್ಲಿ ಆಪರೇಷನ್ ಮಾಡಿಸುವವರು ವಾಪಸ್ ಟಿಕೆಟ್ ಮಾಡುವ ಮುಂಚೆ ಯಾವ ಗ್ಯಾಸ್ ಹಾಕಿದ್ದು ಅಂತ ಕೇಳಲೇಬೇಕು. 2 ವಾರವೋ 8 ವಾರವೋ ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಘಾಟಿ ಮೇಲಿನವರು ಕೆಳಗೇ ಎಲ್ಲಾದರೂ ಉಳಿಯುವ ಏರ್ಪಾಡು ಮಾಡಿಕೊಂಡೇ ಬನ್ನಿ. ಕಾರ್ಕಳದಲ್ಲೋ ಹೆಬ್ರಿಯಲ್ಲೋ ಬೆಳ್ತಂಗಡಿಯಲ್ಲೋ ನೆಂಟರಿದ್ದರೆ ಅಡ್ಡಿ ಇಲ್ಲ. ಎಣ್ಣೆ ಹಾಕಿದ್ದಾದರೆ ಈ ತೊಂದರೆ ಇಲ್ಲ, ಎಣ್ಣೆ ಹಿಗ್ಗುವುದಿಲ್ಲ. ಘಾಟಿ ಮೇಲಿನವರಾದರೆ ಆಪರೇಷನ್‌ಗೆ ಮುಂಚೆಯೇ ಊರಿನ ಹೆಸರು ಹೇಳಿ.

ಇನ್ನೊಂದು. ಗ್ಯಾಸ್ ಇರುವಾಗ ಮಗು ಬಿದ್ದು ಕೈ ಮುರಿದುಕೊಂಡು ಬೇರೆ ಆಸ್ಪತ್ರೆಗೆ ಹೋಗಬೇಕಾಯಿತು ಅಂತಿಟ್ಟುಕೊಳ್ಳಿ. ಅರಿವಳಿಕೆಗೆ ನೈಟ್ರಸ್ ಆಕ್ಸೈಡ್ ಕೊಟ್ಟರೆ ಗುಳ್ಳೆ ಹಿಗ್ಗುತ್ತದೆ. ಕಣ್ಣಲ್ಲಿ ಗ್ಯಾಸ್ ಇದೆ ಅಂತ ಬರೆದ ಪಟ್ಟಿ ಮಣಿಕಟ್ಟಿಗೆ ಹಾಕಿದ್ದರೆ ತೆಗೆಯಬೇಡಿ. ಹಾಕಿರದಿದ್ದರೆ ಕೇಳಿ ಹಾಕಿಸಿಕೊಳ್ಳಿ.

ಕಾಯದೆ ಫೋನ್ ಮಾಡಬೇಕಾದದ್ದು

ಕಣ್ಣು ಜೋರು ನೋವು, ಅದರ ಜೊತೆ ವಾಂತಿ. ಇದು ಒತ್ತಡ ಏರಿದ ಲಕ್ಷಣ ಇರಬಹುದು. ಊಟ ಒಗ್ಗಲಿಲ್ಲ, ಪಿತ್ತ ಆಗಿದೆ ಅಂತ ಬೆಳಗಿನವರೆಗೆ ಕಾಯಬೇಡಿ. ಕೀವು, ದಿನದಿಂದ ದಿನಕ್ಕೆ ಏರುವ ಊತ ಮತ್ತು ಕೆಂಪು, ಕಾಣುತ್ತಿದ್ದ ಬೆಳಕೂ ಕಾಣದಂತಾಗುವುದು, ಇವಕ್ಕೂ ಹಾಗೇ. ಚಿಕ್ಕ ಮಗು ನೋವು ಅಂತ ಹೇಳುವುದಿಲ್ಲ, ಊಟ ಬಿಟ್ಟು ತಲೆ ಹಿಡಿದುಕೊಂಡು ಅಳುತ್ತದೆ.

ದೃಷ್ಟಿ ಮಸುಕಾಗಿರುವುದು ಮಾತ್ರ ಸಹಜ. ಗ್ಯಾಸ್ ಇರುವವರೆಗೆ ನೀರಿನೊಳಗಿಂದ ನೋಡಿದ ಹಾಗಿರುತ್ತದೆ. ಕರಗುತ್ತಾ ಬಂದಂತೆ ಮೇಲಿನಿಂದ ತಿಳಿಯಾಗುತ್ತದೆ, ಕೆಳಗೆ ಅಲುಗಾಡುವ ಒಂದು ಗೆರೆ ಕಾಣುತ್ತದೆ. ಮಗ ದಿನಾ ಬೆಳಿಗ್ಗೆ ಗೆರೆ ಎಲ್ಲಿಗೆ ಇಳಿಯಿತು ಅಂತ ಕೈಯಲ್ಲಿ ತೋರಿಸುತ್ತಿದ್ದ. 7 ದಿನ ಮುಗಿದು ಬೋರಲು ಇರುವುದು ಸಾಕು ಅಂತ ಡಾಕ್ಟರ್ ಹೇಳಿದ ಮೇಲೂ ಎರಡು ದಿನ ತಲೆ ಬಾಗಿಸಿಯೇ ನಡೆದ, ಕುತ್ತಿಗೆ ಬಿಡಲಿಕ್ಕೆ ಅಷ್ಟು ಬೇಕಾಯಿತು. ಫೋಮ್ ತೆಗೆದಿಟ್ಟೆವು. ಮಣಿಕಟ್ಟಿನ ಪಟ್ಟಿ ಹಾಗೇ ಇತ್ತು, ಅಂಗಾತ ಮಲಗದಂತೆ ನೋಡುವುದೂ ಹಾಗೇ ನಡೆಯಿತು. ಒಂದು ಬೆಳಿಗ್ಗೆ ಗುಳ್ಳೆ ಕಡಲೆಕಾಳಿನಷ್ಟಿದೆ ಅಂದ. ಮರುದಿನ ಸಾಸಿವೆಯಷ್ಟು. ಅದರ ಮರುದಿನ ಕಣ್ಣು ಅತ್ತಿತ್ತ ಆಡಿಸಿ ಹುಡುಕಿದ, ಸಿಗಲಿಲ್ಲ. ಆ ದಿನವೇ ಆಸ್ಪತ್ರೆಗೆ ಹೋದೆವು. ಡಾಕ್ಟರ್ ನೋಡಿ ಪಟ್ಟಿಯನ್ನು ಕತ್ತರಿಸಿದರು.